ಟರ್ಕಿಯ ಹೈದರಿ: ಶುಗರ್ ಇರುವವರ ಬಟ್ಟಲಿಗೆ ಹಗುರವಾಗಿ

ಇಸ್ತಾಂಬುಲ್‌ನಲ್ಲಿ ಮೀನಿನ ಊಟಕ್ಕೆ ಕೂತರೆ ಮೀನಿಗಿಂತ ಮೊದಲು ಒಂದು ದೊಡ್ಡ ತಟ್ಟೆ ಬರುತ್ತದೆ. ಅದರ ತುಂಬ ಪುಟ್ಟ ಪುಟ್ಟ ಬಟ್ಟಲುಗಳು. ಸುಟ್ಟ ಬದನೆಕಾಯಿ, ಎಣ್ಣೆಯಲ್ಲಿ ಬೇಯಿಸಿದ ಬೀನ್ಸ್, ಉಪ್ಪುನೀರಲ್ಲಿಟ್ಟ ಬಿಳಿ ಚೀಸ್, ಕ್ಯಾರೆಟ್ ಹಾಕಿದ ಮೊಸರು. ಬೇಕಾದ್ದನ್ನು ಬೆರಳು ಮಾಡಿ ತೋರಿಸಿದರೆ ಮೇಜಿಗೆ ಇಳಿಸುತ್ತಾರೆ. ಇವಕ್ಕೆಲ್ಲ ಒಟ್ಟಾಗಿ ಮೆಜೆ ಅಂತ ಹೆಸರು. ಅವುಗಳಲ್ಲಿ ಬೆಳ್ಳಗೆ, ಗಟ್ಟಿಯಾಗಿ, ಚಮಚ ಎಳೆದ ಗೆರೆಗಳಲ್ಲಿ ಆಲಿವ್ ಎಣ್ಣೆ ನಿಂತಿರುತ್ತದಲ್ಲ, ಅದೇ ಹೈದರಿ. ನೀರು ಇಳಿಸಿದ ಮೊಸರು, ಜಜ್ಜಿದ ಬೆಳ್ಳುಳ್ಳಿ, ಒಣ ಪುದೀನ, ಸಬ್ಬಸಿಗೆ ಸೊಪ್ಪು, ಉಪ್ಪು, ಎಣ್ಣೆ. ಕೆಲವರು ಬಿಳಿ ಚೀಸ್ ಪುಡಿ ಮಾಡಿ ಸೇರಿಸುತ್ತಾರೆ, ಕೆಲವರು ಅಕ್ರೋಟು. ಬ್ರೆಡ್ ಮುರಿದು ಅದ್ದಿ ತಿನ್ನುವುದು ರೂಢಿ.

ಇದಕ್ಕೊಬ್ಬ ತೆಳ್ಳಗಿನ ತಮ್ಮನೂ ಇದ್ದಾನೆ, ಜಾಜಿಕ್. ಸೌತೆಕಾಯಿ, ಬೆಳ್ಳುಳ್ಳಿ, ಪುದೀನ ಹಾಕಿ, ನೀರು ಬೆರೆಸಿ, ಬಟ್ಟಲಲ್ಲಿ ಚಮಚ ಕೊಟ್ಟು ತಿನ್ನಿಸುತ್ತಾರೆ. ನಮ್ಮ ಸೌತೆಕಾಯಿ ಮೊಸರುಬಜ್ಜಿಗೆ ಒಗ್ಗರಣೆ ಬಿಟ್ಟು ಬೆಳ್ಳುಳ್ಳಿ ಹಾಕಿದರೆ ಹೆಚ್ಚುಕಡಿಮೆ ಅದೇ. ನಾನಿಲ್ಲಿ ಹೇಳಹೊರಟಿರುವುದು ಗಟ್ಟಿಯಾದ ಹೈದರಿಯ ವಿಷಯ.

ಶುಗರ್ ಇರುವವರು ಇದನ್ನು ತಿನ್ನಬಹುದಾ? ಈ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಸಿಗುತ್ತದೆ. ‘ಮೊಸರು ತಾನೇ, ಏನೂ ಆಗಲ್ಲ.’ ‘ಹಾಲಲ್ಲೇ ಸಕ್ಕರೆ ಇದೆ, ಬೇಡಪ್ಪ.’ ‘ಕೊಬ್ಬಿಲ್ಲದ ಮೊಸರು ತಗೊಂಡರೆ ಸರಿಹೋಗುತ್ತೆ.’ ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಯಾವುದೂ ಪೂರ್ತಿ ಸರಿ ಇಲ್ಲ. ಯಾಕಂದರೆ ಇಲ್ಲಿ ಎರಡು ಬೇರೆ ಬೇರೆ ಲೆಕ್ಕ ಇದೆ. ಒಂದು, ರಕ್ತದಲ್ಲಿ ಸಕ್ಕರೆ ಎಷ್ಟು ಏರುತ್ತದೆ ಅನ್ನುವುದು. ಇನ್ನೊಂದು, ತೂಕ, ಹೃದಯ, ಬಿಪಿ ಇವುಗಳ ಲೆಕ್ಕ. ಡಬ್ಬಿಗಳ ಮೇಲೆ ಕೊಬ್ಬು ಕಡಿಮೆ ಅನ್ನುವ ಅರ್ಥದಲ್ಲಿ ಬರೆಯುವ ‘ಲೈಟ್’ ಅನ್ನುವ ಮಾತು ಎರಡನೆಯದಕ್ಕೆ ಸೇರಿದ್ದು. ಮೊದಲನೆಯದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಈ ಎರಡನ್ನೂ ಬೆರೆಸಿಕೊಂಡೇ ಜನ ಗೊಂದಲಕ್ಕೆ ಬೀಳುತ್ತಾರೆ.

ಪ್ರಶ್ನೆ ಸಣ್ಣದೇನಲ್ಲ. ಟರ್ಕಿಯಲ್ಲಿ 1997-98ರಲ್ಲಿ ದೇಶದಾದ್ಯಂತ ಪರೀಕ್ಷೆ ಮಾಡಿದಾಗ ವಯಸ್ಕರಲ್ಲಿ ಶೇ 7.2 ಮಂದಿಗೆ ಮಧುಮೇಹ ಇತ್ತು. 2010ರಲ್ಲಿ ಅದೇ ತಂಡ ಮತ್ತೆ ನೋಡಿದಾಗ ಅದು ಶೇ 13 ದಾಟಿತ್ತು. ನಮ್ಮಲ್ಲಿ ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಕೊಟ್ಟ ಅಂಕಿ ಶೇ 11.4, ಅಂದರೆ ಸುಮಾರು 10.1 ಕೋಟಿ ಜನ. ಎರಡೂ ಕಡೆ ದಿನಾ ಮೊಸರು ತಿನ್ನುವವರೇ.

ಮೊದಲು ಸಕ್ಕರೆಯ ಲೆಕ್ಕ ನೋಡೋಣ.

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. 100 ಗ್ರಾಂ ಹಾಲಿನಲ್ಲಿ ಹೆಚ್ಚುಕಡಿಮೆ 4.7 ಗ್ರಾಂ ಇರುತ್ತದೆ. ಹೆಪ್ಪು ಹಾಕಿದಾಗ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಇದರಲ್ಲಿ ಒಂದು ಪಾಲನ್ನು, ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸು, ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮೊಸರು ಹುಳಿಯಾಗುವುದು ಇದರಿಂದಲೇ. ಉಳಿದ ಲ್ಯಾಕ್ಟೋಸ್ ಮೊಸರಲ್ಲೇ ಇರುತ್ತದೆ. ಅದು ರಕ್ತಕ್ಕೆ ಇಳಿಯುವುದು ನಿಧಾನ. ಹಾಗಾಗಿ ಸಕ್ಕರೆ ಹಾಕದ ಸಾದಾ ಮೊಸರು ಗ್ಲೈಸೀಮಿಕ್ ಇಂಡೆಕ್ಸ್‌ನಲ್ಲಿ, ಅಂದರೆ ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅನ್ನುವ ಪಟ್ಟಿಯಲ್ಲಿ, ಕೆಳಗಿನ ಸಾಲಿನಲ್ಲೇ ಬರುತ್ತದೆ.

ಈಗ ಆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕುತ್ತೀರಿ. ಟರ್ಕಿಯವರು ಇದಕ್ಕೆ ಸೂಜ್ಮೆ ಅಂತಾರೆ. ಹಿಂದೆಲ್ಲ ಬಟ್ಟೆಯ ಚೀಲದಲ್ಲೇ ಮಾಡುತ್ತಿದ್ದರಿಂದ ಚೀಲದ ಮೊಸರು ಅಂತಲೂ ಕರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ಶ್ರೀಖಂಡ ಮಾಡುವ ಮನೆಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅರ್ಧ ಕೇಜಿ ಮೊಸರು ಕಟ್ಟಿದಿರಿ ಅಂದುಕೊಳ್ಳಿ. ಅದರಲ್ಲಿ ಅಂದಾಜು 20 ಗ್ರಾಂ ಲ್ಯಾಕ್ಟೋಸ್ ಇದೆ. ಮೂರು ನಾಲ್ಕು ಗಂಟೆಯಲ್ಲಿ ಸುಮಾರು ಕಾಲು ಲೀಟರ್ ತಿಳಿನೀರು ಕೆಳಗೆ ಇಳಿಯುತ್ತದೆ. ಲ್ಯಾಕ್ಟೋಸ್ ನೀರಿನಲ್ಲಿ ಕರಗಿರುವ ವಸ್ತು, ಹಾಗಾಗಿ ನೀರಿನ ಜೊತೆ ಅದೂ ಹೋಗುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಹೋಗುತ್ತದೆ. ಬಟ್ಟೆಯಲ್ಲಿ ಉಳಿದ ಕಾಲು ಕೇಜಿಯಲ್ಲಿ ಒಂಬತ್ತು ಗ್ರಾಂ ಆಸುಪಾಸು ಇರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ‘ನೀರು ಇಳಿಸಿದರೆ ಸಕ್ಕರೆ ಎಲ್ಲ ಹೋಗುತ್ತೆ’ ಅಂತ ಕೆಲವರು ಹೇಳುವುದುಂಟು. ಹಾಗಾಗುವುದಿಲ್ಲ. ಮೊಸರೂ ಅರ್ಧ ಆಯಿತು, ಸಕ್ಕರೆಯೂ ಅರ್ಧ ಆಯಿತು. 100 ಗ್ರಾಂಗೆ ಲೆಕ್ಕ ಹಾಕಿದರೆ 4ರಿಂದ 3.6ಕ್ಕೆ ಇಳಿದಿದೆ, ಅಷ್ಟೆ. ಬದಲಾಗಿರುವುದು ಬೇರೆಯದು. ಪ್ರೋಟೀನ್ ನೀರಿನ ಜೊತೆ ಹೆಚ್ಚು ಹೋಗುವುದಿಲ್ಲ, ಬಟ್ಟೆಯಲ್ಲೇ ಕೂರುತ್ತದೆ. ಹಾಗಾಗಿ 100 ಗ್ರಾಂಗೆ ಮೂರೂಕಾಲು ಗ್ರಾಂ ಇದ್ದ ಪ್ರೋಟೀನ್ ಐದೂವರೆ ಆಗುತ್ತದೆ. ಇನ್ನೂ ಜಾಸ್ತಿ ಹೊತ್ತು ಕಟ್ಟಿದರೆ ಇನ್ನೂ ಮೇಲೆ. ಸಕ್ಕರೆ ಅಷ್ಟೇ ಇದ್ದು ಪ್ರೋಟೀನ್ ಜಾಸ್ತಿ ಆದರೆ ಹೊಟ್ಟೆ ಬೇಗ ತುಂಬುತ್ತದೆ. ಕಟ್ಟಿದ ಮೊಸರಿನ ಲಾಭ ಇದು.

ಕಾಲು ಕೇಜಿ ಹೈದರಿಯನ್ನು ನಾಲ್ಕು ಜನ ಹಂಚಿಕೊಂಡರೆ ಒಬ್ಬರಿಗೆ ಅರವತ್ತು ಗ್ರಾಂ ಚಿಲ್ಲರೆ, ಅದರಲ್ಲಿ ಕಾರ್ಬೊಹೈಡ್ರೇಟ್ ಎರಡೂವರೆ ಗ್ರಾಂ. ಒಂದು ಟೀ ಚಮಚ ಸಕ್ಕರೆಯಷ್ಟೂ ಇಲ್ಲ. ಅಂದಮೇಲೆ ಸಕ್ಕರೆ ಎಲ್ಲಿದೆ? ಬಟ್ಟಲಿನ ಪಕ್ಕದಲ್ಲಿ. ಬಿಳಿ ಬ್ರೆಡ್‌ನಲ್ಲಿ 100 ಗ್ರಾಂಗೆ ಸುಮಾರು 50 ಗ್ರಾಂ ಕಾರ್ಬೊಹೈಡ್ರೇಟ್. ಒಂದು ಸಾಧಾರಣ ತುಂಡು ಬ್ರೆಡ್ ಅದ್ದಿ ತಿಂದರೆ ಹದಿಮೂರು ಹದಿನೈದು ಗ್ರಾಂ ಒಳಗೆ ಹೋಯಿತು. ಟರ್ಕಿಯ ಪಿದೆ ರೊಟ್ಟಿ, ಲವಾಶ್, ಇಲ್ಲಿಯ ನಾನ್, ಎಲ್ಲವೂ ಇದೇ ಜಾತಿ. ಮಾತಾಡುತ್ತ ಮಾತಾಡುತ್ತ ಮೂರು ತುಂಡು ಮುಗಿದಿರುತ್ತದೆ, ಗೊತ್ತೇ ಆಗುವುದಿಲ್ಲ. ಆಮೇಲೆ ಮೀಟರ್‌ನಲ್ಲಿ ಅಂಕಿ ಏರಿದರೆ ಬೈಗುಳ ತಿನ್ನುವುದು ಪಾಪದ ಮೊಸರು.

ಇನ್ನು ಕೊಬ್ಬಿನ ಲೆಕ್ಕ. ಇಲ್ಲಿ ನೀರು ಇಳಿಸುವ ಕೆಲಸ ನಮ್ಮ ವಿರುದ್ಧ ತಿರುಗುತ್ತದೆ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಬಹುತೇಕ ಎಲ್ಲವೂ ಬಟ್ಟೆಯಲ್ಲೇ ಉಳಿಯುತ್ತದೆ. ಮೊಸರು ಅರ್ಧ ಆದರೆ ಕೊಬ್ಬಿನ ಪ್ರಮಾಣ ಎರಡರಷ್ಟು. ಶೇ 3 ಕೊಬ್ಬಿನ ಟೋನ್ಡ್ ಹಾಲಿನ ಮೊಸರು ಕಟ್ಟಿದರೆ ಶೇ 6 ಆಗುತ್ತದೆ. ಎಮ್ಮೆ ಹಾಲಿನ ಗಟ್ಟಿ ಮೊಸರಾದರೆ ಶೇ 12 ದಾಟಬಹುದು. ಟರ್ಕಿಯ ಅಂಗಡಿಗಳಲ್ಲಿ ಸಿಗುವ ಸೂಜ್ಮೆ ಮೊಸರಿನಲ್ಲೂ ಶೇ 10 ಕೊಬ್ಬು ಇರುವುದು ಮಾಮೂಲು. ಜರ್ಮನಿಯಲ್ಲಿರುವ ನಮ್ಮವರು ಮೊಸರನ್ನಕ್ಕೆ ಅಂತ ಟರ್ಕಿಯವರ ಅಂಗಡಿಯಿಂದ ತರುವ ಬಕೆಟ್ ಮೊಸರಿನ ಮುಚ್ಚಳದ ಮೇಲೂ ಈ ಅಂಕಿ ಕಾಣುತ್ತದೆ, ಒಮ್ಮೆ ನೋಡಿ.

ಆದ್ದರಿಂದ ಹಗುರ ಮಾಡುವ ಕೆಲಸ ಹಾಲಿನಿಂದಲೇ ಶುರುವಾಗಬೇಕು. ನಮ್ಮ ದೇಶದ ನಿಯಮದ ಪ್ರಕಾರ ಡಬಲ್ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 1.5. ಅದಕ್ಕೆ ಹೆಪ್ಪು ಹಾಕಿ ಕಟ್ಟಿದರೆ ಶೇ 3ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಮಾಮೂಲಿ ಟೋನ್ಡ್ ಹಾಲಿನಷ್ಟೇ ಕೊಬ್ಬು, ಆದರೆ ಬಾಯಿಗೆ ಬೆಣ್ಣೆಯ ಹಾಗೆ ಗಟ್ಟಿ. ಪೂರ್ತಿ ಕೆನೆ ತೆಗೆದ ಹಾಲಿನದೂ ಮಾಡಬಹುದು. ನನಗೇನೋ ಅದು ಸೀಮೆಸುಣ್ಣ ನೆಕ್ಕಿದ ಹಾಗೆ ಅನಿಸುತ್ತದೆ. ರುಚಿ ಇಲ್ಲದ್ದನ್ನು ಎಷ್ಟು ದಿನ ತಿಂದೀರಿ? ಡಬಲ್ ಟೋನ್ಡ್ ಸರಿಯಾದ ಹದ.

ಒಂದು ವಿಷಯ ಇಲ್ಲಿ ಸ್ಪಷ್ಟ ಮಾಡಬೇಕು. ಕೊಬ್ಬು ಕಡಿಮೆ ಮಾಡಿದ್ದರಿಂದ ಸಕ್ಕರೆ ಕಡಿಮೆ ಏರುತ್ತದೆ ಅಂತ ಅಲ್ಲ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಹಾಗಾಗಿ ಅದು ಇದ್ದರೆ ಸಕ್ಕರೆ ತಡವಾಗಿ ಏರುತ್ತದೆ. ಕೊಬ್ಬು ಇಳಿಸುವುದು ತೂಕಕ್ಕಾಗಿ, ಹೃದಯಕ್ಕಾಗಿ. ಶುಗರ್ ಇರುವವರಿಗೆ ಹೃದಯದ ತೊಂದರೆಯ ಅಪಾಯ ಬೇರೆಯವರಿಗಿಂತ ಜಾಸ್ತಿ, ಹಾಲಿನ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯದು. ಅದಕ್ಕಾಗಿ.

ಆಲಿವ್ ಎಣ್ಣೆಯ ಗುಣ ಬೇರೆ, ಹೃದಯಕ್ಕೆ ಅದು ಒಳ್ಳೆಯದೇ. ಆದರೆ ಕ್ಯಾಲರಿಯಲ್ಲಿ ಎಲ್ಲ ಎಣ್ಣೆಯೂ ಒಂದೇ. ಒಂದು ದೊಡ್ಡ ಚಮಚಕ್ಕೆ 120 ಕ್ಯಾಲರಿ. ಹೋಟೆಲಿನ ತಟ್ಟೆಯಲ್ಲಿ ಎರಡು ಮೂರು ದೊಡ್ಡ ಚಮಚ ಸುರಿದಿರುತ್ತಾರೆ, ಮಿರಮಿರ ಹೊಳೆಯಲಿ ಅಂತ. ಮನೆಯಲ್ಲಿ ಎರಡು ಟೀ ಚಮಚ ಸಾಕು, 80 ಕ್ಯಾಲರಿಗೆ ಮುಗಿಯುತ್ತದೆ. ಅದನ್ನೂ ಒಳಗೆ ಬೆರೆಸದೆ ಮೇಲೆ ಹಾಕಿ. ನಾಲಿಗೆಗೆ ಮೊದಲು ಸಿಗುವುದು ಅದೇ ಆದ್ದರಿಂದ ಕಡಿಮೆ ಎಣ್ಣೆಯೂ ಜಾಸ್ತಿ ಇದ್ದ ಹಾಗೆ ಅನಿಸುತ್ತದೆ.

ಮಾಡುವ ಬಗೆ ಹೀಗೆ. ಡಬಲ್ ಟೋನ್ಡ್ ಹಾಲಿನ ಅರ್ಧ ಕೇಜಿ ಮೊಸರು ತಗೊಳ್ಳಿ. ಹುಳಿ ಬಂದಿರಬಾರದು. ಕಟ್ಟಿಟ್ಟ ಹೊತ್ತಿನಲ್ಲಿ ಅದು ಇನ್ನಷ್ಟು ಹುಳಿಯಾಗುತ್ತದೆ. ತೆಳ್ಳಗಿನ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಜರಡಿಯ ಮೇಲೆ ಹಾಸಿ, ಕೆಳಗೊಂದು ಪಾತ್ರೆ ಇಟ್ಟು, ಮೊಸರು ಸುರಿದು ಫ್ರಿಜ್ಜಿನಲ್ಲಿಡಿ. ನಲ್ಲಿಗೆ ಕಟ್ಟಿ ಹೊರಗೆ ನೇತುಹಾಕುವುದು ಬೇಡ, ನಮ್ಮ ಬೇಸಿಗೆಗೆ ಅದು ಸರಿಹೋಗಲ್ಲ. ಮೂರು ಗಂಟೆಯ ನಂತರ ಚಮಚ ನೆಟ್ಟರೆ ನಿಲ್ಲಬೇಕು. ನಿಲ್ಲದಿದ್ದರೆ ಇನ್ನೊಂದು ಗಂಟೆ.

ಒಂದು ಎಸಳು ಬೆಳ್ಳುಳ್ಳಿ, ಚಿಕ್ಕದು. ಕಾಲು ಟೀ ಚಮಚ ಉಪ್ಪಿನ ಜೊತೆ ಕುಟ್ಟಾಣಿಯಲ್ಲಿ ಹಾಕಿ ನುಣ್ಣಗೆ ಅರೆಯಿರಿ. ಉಪ್ಪಿನ ಹರಳು ಬೆಳ್ಳುಳ್ಳಿಯನ್ನು ಬೆಣ್ಣೆಯ ಹಾಗೆ ಮಾಡುತ್ತದೆ, ಹಲ್ಲಿಗೆ ತುಂಡು ಸಿಗುವುದಿಲ್ಲ. ಹಸಿ ಬೆಳ್ಳುಳ್ಳಿಯ ಖಾರ ಜಜ್ಜಿದಾಗ ಹುಟ್ಟುವಂಥದ್ದು, ಮೊಸರಿಗೆ ಬಿದ್ದಮೇಲೂ ಗಂಟೆಗಟ್ಟಲೆ ಹರಡುತ್ತಾ ಹೋಗುತ್ತದೆ. ಹಾಗಾಗಿ ಕಲಸಿದ ಕೂಡಲೇ ರುಚಿ ನೋಡಿ ‘ಸಾಲದು’ ಅಂತ ಇನ್ನೊಂದು ಎಸಳು ಹಾಕಬೇಡಿ. ರಾತ್ರಿ ಹೊತ್ತಿಗೆ ಅದು ಸೇಡು ತೀರಿಸಿಕೊಳ್ಳುತ್ತದೆ.

ಒಣ ಪುದೀನ ಒಂದು ಟೀ ಚಮಚ. ಅಂಗೈಗಳ ನಡುವೆ ಹಾಕಿ ಉಜ್ಜಿದರೆ ಘಮ ಏಳುತ್ತದೆ. ಟರ್ಕಿಯವರು ಹಸಿ ಪುದೀನಕ್ಕಿಂತ ಇದನ್ನೇ ಹೆಚ್ಚು ಬಳಸುತ್ತಾರೆ. ಮನೆಯಲ್ಲಿ ಪುದೀನ ಕಟ್ಟು ಉಳಿದಿದ್ದರೆ ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿಡಿ, ಆಯಿತು. ಸಬ್ಬಸಿಗೆ ಸೊಪ್ಪು ಎರಡು ದೊಡ್ಡ ಚಮಚದಷ್ಟು, ದಂಟು ಬಿಟ್ಟು ಸಣ್ಣಗೆ ಹೆಚ್ಚಿ. ಇದು ನಮ್ಮ ತರಕಾರಿ ಗಾಡಿಯಲ್ಲೇ ಸಿಗುವಂಥದ್ದು. ನಾವು ಅಕ್ಕಿರೊಟ್ಟಿಗೆ, ಹುಳಿಗೆ ಹಾಕುವ ಸೊಪ್ಪನ್ನು ಅವರು ಮೊಸರಿಗೆ ಹಾಕುತ್ತಾರೆ.

ಎಲ್ಲವನ್ನೂ ಚಮಚದಲ್ಲಿ ಮೆಲ್ಲಗೆ ಕಲಸಿ. ಮಿಕ್ಸಿಗೆ, ಕಡಗೋಲಿಗೆ ಇಲ್ಲಿ ಕೆಲಸ ಇಲ್ಲ. ಜೋರಾಗಿ ಕಡೆದರೆ ಕಷ್ಟಪಟ್ಟು ಗಟ್ಟಿ ಮಾಡಿದ್ದು ಮತ್ತೆ ನೀರಾಗುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಬಟ್ಟಲಿಗೆ ಹಾಕಿ, ಚಮಚದ ಬೆನ್ನಿಂದ ಗೆರೆ ಎಳೆದು ಎಣ್ಣೆ ಬಿಡಿ. ಮೇಲೆ ಅವರು ಪುಲ್ ಬಿಬೆರ್ ಅನ್ನುವ ತರಿತರಿ ಮೆಣಸಿನಪುಡಿ ಉದುರಿಸುತ್ತಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನು ಬೀಜ ತೆಗೆದು ತರಿಯಾಗಿ ಕುಟ್ಟಿದರೆ ಬಣ್ಣವೂ ಖಾರವೂ ಹತ್ತಿರ ಹತ್ತಿರ ಬರುತ್ತದೆ. ಎಲ್ಲ ಸೇರಿ ಒಬ್ಬರ ಪಾಲಿಗೆ 60 ಕ್ಯಾಲರಿ ಆಗಬಹುದು. ಶೇ 10 ಕೊಬ್ಬಿನ ಮೊಸರು, ಧಾರಾಳ ಎಣ್ಣೆ, ಚೀಸ್ ಹಾಕಿದ್ದಾದರೆ ಅದೇ ಪಾಲು 200ರ ಹತ್ತಿರ ಹೋಗುತ್ತದೆ.

ಚೀಸ್ ಬಿಟ್ಟಿದ್ದು ಕೊಬ್ಬಿಗಿಂತ ಹೆಚ್ಚಾಗಿ ಉಪ್ಪಿನ ಕಾರಣಕ್ಕೆ. ಶುಗರ್ ಇರುವ ಬಹಳ ಜನರಿಗೆ ಬಿಪಿಯೂ ಜೊತೆಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಕಾಲು ಟೀ ಚಮಚ ಅಂದರೆ ಒಂದೂವರೆ ಗ್ರಾಂ, ನಾಲ್ಕು ಜನಕ್ಕೆ ಹಂಚಿದರೆ ಪರವಾಗಿಲ್ಲ. ಉಪ್ಪುನೀರಲ್ಲಿಟ್ಟ ಚೀಸ್ ಒಂದು ಹಿಡಿ ಸೇರಿಸಿದರೆ ಅಷ್ಟೇ ಉಪ್ಪು ಮತ್ತೆ ಸೇರುತ್ತದೆ. ಚೀಸ್ ಬೇಕೇ ಬೇಕು ಅನ್ನುವವರು ಅದನ್ನು ಸ್ವಲ್ಪ ಹೊತ್ತು ತಣ್ಣೀರಲ್ಲಿ ನೆನೆಸಿ, ಬೇರೆ ಉಪ್ಪು ಹಾಕಬೇಡಿ.

ಕೆಳಗೆ ಇಳಿದ ತಿಳಿನೀರನ್ನು ಏನು ಮಾಡುವುದು? ಸುಮ್ನೆ ಚೆಲ್ಲಲು ಮನಸ್ಸು ಬರುವುದಿಲ್ಲ, ಅಲ್ವಾ? ಮನೆಯಲ್ಲಿ ಬೇರೆಯವರು ಕುಡಿಯಲಿ, ಸಾರಿಗೆ ಹಾಕಲಿ. ಶುಗರ್ ಇರುವವರು ‘ಒಳ್ಳೆಯದು’ ಅಂತ ಲೋಟ ಎತ್ತಿದರೆ ಬಟ್ಟೆಯಲ್ಲಿ ಇಳಿಸಿದ ಹತ್ತು ಹನ್ನೊಂದು ಗ್ರಾಂ ಲ್ಯಾಕ್ಟೋಸ್ ವಾಪಸ್ ಹೊಟ್ಟೆಗೆ ಹೋಗುತ್ತದೆ. ಮಾಡಿದ ಕೆಲಸಕ್ಕೆ ಅರ್ಥವೇ ಇರುವುದಿಲ್ಲ.

ಅಂಗಡಿಯ ಗಟ್ಟಿ ಮೊಸರಿನಲ್ಲೇ ಮಾಡುವುದಾದರೆ ಡಬ್ಬಿಯ ಹಿಂಭಾಗ ಓದಿ. ‘ಗ್ರೀಕ್’ ಅಂತ ಬರೆದಿದ್ದೆಲ್ಲ ನೀರು ಇಳಿಸಿದ ಮೊಸರಲ್ಲ. ಕೆಲವು ಕಡೆ ಹಾಲಿನ ಪುಡಿ ಹಾಕಿ ಗಟ್ಟಿ ಮಾಡಿರುತ್ತಾರೆ. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸೇ. ಇನ್ನು ಕೆಲವಕ್ಕೆ ಪಿಷ್ಟ. ಕೊಬ್ಬು ತೆಗೆದ ಜಾಗಕ್ಕೆ ಸಕ್ಕರೆ, ಹಣ್ಣಿನ ರುಚಿ ತುಂಬಿದ ‘ಲೈಟ್’ ಡಬ್ಬಿಗಳಂತೂ ಶುಗರ್ ಇರುವವರಿಗೆ ಕೆನೆ ತೆಗೆಯದ ಮೊಸರಿಗಿಂತ ಕೆಟ್ಟದು. ನೋಡಬೇಕಾದ ಸಾಲು ಕಾರ್ಬೊಹೈಡ್ರೇಟ್. 100 ಗ್ರಾಂಗೆ ನಾಲ್ಕರಿಂದ ಐದು ಇದ್ದರೆ ಅದು ಹಾಲಿನ ಸಹಜ ಸಕ್ಕರೆ. ಹತ್ತು ದಾಟಿದರೆ ಯಾರೋ ಏನೋ ಸೇರಿಸಿದ್ದಾರೆ. ‘ಸಕ್ಕರೆ ಸೇರಿಸಿಲ್ಲ’ ಅಂದ ಮಾತ್ರಕ್ಕೆ ಸಕ್ಕರೆಯೇ ಇಲ್ಲ ಅಂತಲೂ ಅಲ್ಲ, ಲ್ಯಾಕ್ಟೋಸ್ ಇದ್ದೇ ಇರುತ್ತದೆ.

ಹಾಗಂತ ಟರ್ಕಿಯವರೆಲ್ಲ ಮೊಸರನ್ನು ಉಪ್ಪು ಹಾಕಿಯೇ ತಿನ್ನುತ್ತಾರೆ ಅಂದುಕೊಳ್ಳಬೇಡಿ. ಇಸ್ತಾಂಬುಲ್‌ನಲ್ಲಿ ಬಾಸ್ಫರಸ್ ಜಲಸಂಧಿಯ ಏಷ್ಯಾ ದಡದಲ್ಲಿ ಕಾನ್ಲಿಜ ಅನ್ನುವ ಜಾಗ ಇದೆ. ಅಲ್ಲಿಯ ಹೆಸರುವಾಸಿ ಮೊಸರಿನ ಮೇಲೆ ಪುಡಿ ಸಕ್ಕರೆಯನ್ನು ಬೂದಿಯ ಹಾಗೆ ಉದುರಿಸಿ ಕೊಡುತ್ತಾರೆ. ದೋಣಿಯಲ್ಲಿ ಹೋದವರು ತಿನ್ನದೆ ಬರುವುದಿಲ್ಲ. ಆ ಬಟ್ಟಲು ನೋಡಿ ಸಂತೋಷಪಡುವುದಕ್ಕೆ ಮಾತ್ರ.

ಮತ್ತೆ ಬ್ರೆಡ್ಡಿಗೆ ಬರೋಣ, ಯಾಕಂದರೆ ಗೆಲುವು ಸೋಲು ಅಲ್ಲೇ ಇರುವುದು. ಅದ್ದಲು ಏನಾದರೂ ಬೇಕಲ್ಲ. ಸೌತೆಕಾಯಿ, ಮೂಲಂಗಿ, ದಪ್ಪ ಮೆಣಸಿನಕಾಯಿ, ಕ್ಯಾರೆಟ್. ನನ್ನ ಮೆಚ್ಚಿನದು ಎಳೆಯ ನವಿಲುಕೋಸು. ಸಿಪ್ಪೆ ತೆಗೆದು ಉದ್ದಕ್ಕೆ ಹೆಚ್ಚಿದರೆ ಬಾಗುವುದಿಲ್ಲ, ಮುರಿಯುವುದಿಲ್ಲ, ಗಟ್ಟಿ ಮೊಸರನ್ನು ಚೆನ್ನಾಗಿ ಎತ್ತುತ್ತದೆ. ಬಾಯಲ್ಲಿ ಕರುಂ ಅನ್ನುವುದರಿಂದ ಬ್ರೆಡ್ ಇಲ್ಲ ಅನ್ನುವ ಕೊರಗೂ ಇರುವುದಿಲ್ಲ. ಬ್ರೆಡ್ ಬಿಡಲಾಗದವರು ಒಂದೇ ತುಂಡು ಇಟ್ಟುಕೊಂಡು, ಅದನ್ನು ಕೊನೆಗೆ ತಿನ್ನಿ. ತರಕಾರಿ, ಪ್ರೋಟೀನ್ ಮೊದಲು ತಿಂದು ಹತ್ತು ಹದಿನೈದು ನಿಮಿಷ ಬಿಟ್ಟು ಪಿಷ್ಟ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಅನ್ನುವುದನ್ನು ಚಿಕ್ಕ ಚಿಕ್ಕ ಅಧ್ಯಯನಗಳು ತೋರಿಸಿವೆ. ಊಟಕ್ಕೆ ಮುಂಚೆ ಮೆಜೆ ತಿನ್ನುವ ಟರ್ಕಿಯ ಕ್ರಮ ಇದಕ್ಕೆ ತಾನಾಗಿಯೇ ಹೊಂದುತ್ತದೆ, ಬ್ರೆಡ್ ಬುಟ್ಟಿ ದೂರ ಇದ್ದರೆ ಮಾತ್ರ.

ಇನ್ನೊಂದು ಬದಲಾವಣೆಯೂ ಚೆನ್ನಾಗಿರುತ್ತದೆ. ಟರ್ಕಿಯವರು ಸೆಮಿಜೊತು ಅನ್ನುವ ಸೊಪ್ಪನ್ನು ಹಸಿಯಾಗಿಯೇ ಬೆಳ್ಳುಳ್ಳಿ ಮೊಸರಿಗೆ ಹಾಕಿ ಮೆಜೆ ಮಾಡುತ್ತಾರೆ. ಅದು ಬೇರೇನಲ್ಲ, ನಮ್ಮ ಗೋಣಿ ಸೊಪ್ಪು. ಚೆನ್ನಾಗಿ ತೊಳೆದು ಎಳೆ ಎಲೆಗಳನ್ನು ಹಾಕಿದರೆ ಬಟ್ಟಲು ದೊಡ್ಡದಾಗುತ್ತದೆ, ಕ್ಯಾಲರಿ ಹೆಚ್ಚುವುದಿಲ್ಲ. ಆದರೆ ಈ ಸೊಪ್ಪಿನಲ್ಲಿ ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಅನ್ನುವ ವಸ್ತು ಜಾಸ್ತಿ. ಕಿಡ್ನಿಯಲ್ಲಿ ಕಲ್ಲಾದವರು ಬಿಡುವುದೇ ಒಳ್ಳೆಯದು.

ಮಾತ್ರೆ, ಇನ್ಸುಲಿನ್ ತಗೊಳ್ಳುವವರಿಗೆ ಎರಡು ಮಾತು. ಶುಗರ್ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಮಾಮೂಲಿನಷ್ಟೇ ತಗೊಂಡು, ಊಟದ ಬದಲು ಬರೀ ಹೈದರಿ-ಸೌತೆಕಾಯಿ ತಿಂದು ಮಲಗಿದರೆ ಶುಗರ್ ಇಳಿದುಹೋಗುವ ಅಪಾಯ ಇದೆ. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಕೂಡಲೇ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಬೇಕು. ಆ ಹೊತ್ತಿಗೆ ಮೊಸರು ಕೆಲಸಕ್ಕೆ ಬರುವುದಿಲ್ಲ, ಅದರ ಸಕ್ಕರೆ ಕಡಿಮೆ, ನಿಧಾನ. ಟರ್ಕಿಯಲ್ಲಿ ಮೆಯ್ಹಾನೆ ಅನ್ನುವ ಮದ್ಯದ ಹೋಟೆಲುಗಳಲ್ಲಿ ಮೆಜೆಯ ಜೊತೆ ಸೋಂಪಿನ ಘಮದ ರಾಕಿ ಮದ್ಯವೂ ಇರುತ್ತದೆ. ಮದ್ಯ ಒಳಗಿರುವಾಗ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುವ ಕೆಲಸ ಕಡಿಮೆ ಮಾಡುತ್ತದೆ. ಹಾಗಾಗಿ ಶುಗರ್ ರಾತ್ರಿ ನಿದ್ದೆಯಲ್ಲಿ ಇಳಿಯಬಹುದು. ಕಿಡ್ನಿಗೆ ತೊಂದರೆ ಆಗಿ ಪ್ರೋಟೀನ್ ಅಳೆದು ತಿನ್ನಲು ಡಾಕ್ಟರು ಹೇಳಿದ್ದರೆ, ಕಟ್ಟಿದ ಮೊಸರನ್ನು ಅವರನ್ನು ಕೇಳಿಯೇ ತಿನ್ನಿ.

ಮೊಸರಿನಿಂದ ಶುಗರ್ ವಾಸಿಯಾಗುತ್ತದೆ ಅನ್ನುವ ಸಂದೇಶ ಮೊಬೈಲಿಗೆ ಬಂದರೆ ನಂಬಬೇಡಿ. 2024ರ ಮಾರ್ಚ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಒಂದು ಅನುಮತಿ ಕೊಟ್ಟಿದ್ದು ನಿಜ. ವಾರಕ್ಕೆ ಎರಡು ಕಪ್ ಆದರೂ ಮೊಸರು ತಿನ್ನುವುದು ಟೈಪ್ 2 ಮಧುಮೇಹ ಬರುವ ಸಾಧ್ಯತೆಯನ್ನು ಕಡಿಮೆ ಮಾಡಬಹುದು, ಆದರೆ ಪುರಾವೆ ಸೀಮಿತ ಅಂತ ಡಬ್ಬಿಯ ಮೇಲೆ ಬರೆಯಬಹುದು ಅಂದಿತು. ಅದು ಇನ್ನೂ ಕಾಯಿಲೆ ಬಾರದವರ ಮಾತು. ಬಂದವರಿಗೆ ಅದು ಔಷಧ ಅಂತ ಎಲ್ಲೂ ಹೇಳಿಲ್ಲ.

ನಿಮ್ಮ ಮೈಗೆ ಇದು ಹೇಗೆ ಒಗ್ಗುತ್ತದೆ ಅನ್ನುವುದನ್ನು ಮನೆಯ ಮೀಟರ್ ಹೇಳುತ್ತದೆ. ತಿನ್ನುವ ಮೊದಲು ಒಮ್ಮೆ, ತಿನ್ನಲು ಶುರು ಮಾಡಿ ಎರಡು ಗಂಟೆಗೆ ಒಮ್ಮೆ ನೋಡಿ. ಎರಡನೆಯದು 180ರ ಒಳಗಿರಲಿ ಅನ್ನುವುದು ಬಹುತೇಕ ವಯಸ್ಕರಿಗೆ ಡಾಕ್ಟರುಗಳು ಇಡುವ ಗುರಿ. ಒಂದು ದಿನ ನವಿಲುಕೋಸಿನ ಜೊತೆ, ಇನ್ನೊಂದು ದಿನ ಒಂದು ತುಂಡು ಬ್ರೆಡ್ಡಿನ ಜೊತೆ ತಿಂದು ಎರಡೂ ಅಂಕಿ ಬರೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಚೀಟಿ ಜೊತೆಗಿರಲಿ.